ಯಾಕೂತಳ ಎರಡು ಮಾತು

ಅಲ್ ಐನ್‌ನ ಪಕ್ಷಿಮನೆ. ಬೆಳಗಿನ ಹತ್ತೂವರೆಯ ಆಟ.
ಹೊರಗೆ ನಲವತ್ತಾರು ಡಿಗ್ರಿ; ಒಳಗೆ ಏಸಿಯ ಕೆಳಗೊಂದು ಬಕೆಟ್ಟು,
ಮೂರು ಶಾಲೆಗಳ ಮಕ್ಕಳು, ನನ್ನ ಚರ್ಮದ ಗವಸಿನ ಮೇಲೆ
ಉಪ್ಪಿನಕಾಯಿಯ ಎಣ್ಣೆಯಷ್ಟು ಕೆಂಪಗೆ ಯಾಕೂತ್.
ಎದೆ ಮಾತ್ರ ನೇರಳೆ, ಹಣ್ಣು ತಿಂದ ನಾಲಿಗೆಯ ಹಾಗೆ.

ಇವಳು ಕಾಡಿನ ರಾಯಭಾರಿ, ಎನ್ನುತ್ತೇನೆ ಮೈಕಿನಲ್ಲಿ
ಮುರುಕು ಅರಬ್ಬಿಯಲ್ಲಿ, ಅದಕ್ಕಿಂತ ಮುರುಕು ಇಂಗ್ಲಿಷಿನಲ್ಲಿ.
ಇವಳ ಗಂಡು ಹಚ್ಚ ಹಸಿರು, ಕೊಕ್ಕು ಕಿತ್ತಳೆ.
ಬಹಳ ಕಾಲ ಪಂಡಿತರೇ ನಂಬಿದ್ದರು
ಎರಡೂ ಬೇರೆ ಬೇರೆ ಜಾತಿಯೆಂದು.
(ನಮ್ಮೂರಲ್ಲಾಗಿದ್ದರೆ ಮದುವೆಯೇ ನಡೆಯುತ್ತಿರಲಿಲ್ಲ.
ಇದನ್ನು ಮೈಕಿಗೆ ಹೇಳುವುದಿಲ್ಲ.)

ನ್ಯೂ ಗಿನಿಯ ಮರದ ಪೊಟರೆಯಲ್ಲಿ ತಿಂಗಳುಗಟ್ಟಲೆ
ಕೂತು ಕಾಯುತ್ತಾಳೆ; ಗಂಡುಗಳು ತಂದು ಉಣಿಸುತ್ತವೆ.
ಮರ ಕಡಿದರೆ ಪೊಟರೆ ಇಲ್ಲ. ಕೊಳ್ಳಬೇಡಿ.
ಮಕ್ಕಳು ತಲೆಯಾಡಿಸುತ್ತಾರೆ. ಒಬ್ಬ ಕೇಳುತ್ತಾನೆ:
ಎಷ್ಟು ದಿರ್ಹಮ್?

ಕಾಡನ್ನು ಇವಳು ಕಂಡವಳೇ ಅಲ್ಲ.
ಮೊಟ್ಟೆ ಒಡೆದದ್ದು ಯಂತ್ರದ ಶಾಖದಲ್ಲಿ,
ಬೆಳೆದದ್ದು ಯಾರದೋ ವಿಲ್ಲಾದ ಅಡುಗೆಮನೆಯಲ್ಲಿ.
ದೇಶ ಬಿಡುವಾಗ ಅವರು ಫ್ರಿಜ್ಜು ಮಾರಿದರು, ಸೋಫಾ ಮಾರಿದರು,
ಇವಳನ್ನು ನಮ್ಮ ಗೇಟಿನಲ್ಲಿಟ್ಟು ಹೋದರು,
ಪಂಜರದ ಬೀಗದ ಕೈ ಕೊಡದೆ.
ಬಂದ ದಿನದಿಂದ ಒಂದೇ ಪಾಠ:
ಮೈಕ್ರೊವೇವಿನ ಟೀಂ, ಟೀಂ, ಟೀಂ,
ಆಮೇಲೆ ಹೆಂಗಸೊಬ್ಬಳ ಸಣ್ಣ ದನಿ:
ನೆಯ್, ನೆಯ್, ಬಿಯಿ.

ಪಠಾಣ ಡ್ರೈವರ್ ಗುಲ್‌ಜಾನ್ ನಮ್ಮದಲ್ಲ ಎಂದ,
ನೇಪಾಳದ ಹುಡುಗ ತಲೆ ಕೆರೆದ.
ಜ್ಯೂಸಿನ ಕೌಂಟರಿನ ತ್ಸೆಹಾಯ್
ಲೋಟ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.
ನಮ್ಮ ಭಾಷೆ. ಬಾ, ತಿನ್ನು ಅಂತ.
ಹೆಣ್ಣಿಗೆ ಮಾತ್ರ ಹಾಗೆ ಹೇಳುವುದು.
ಈ ಹಕ್ಕಿಗೆ ಹೇಳಿದ್ದೋ,
ಫೋನಿನಲ್ಲಿ ಊರಿನ ಮಗಳಿಗೋ,
ಅವಳಿಗೂ ಗೊತ್ತಾಗಲಿಲ್ಲ.
ನಲ್ಲಿ ಮತ್ತೆ ಬಿಟ್ಟಳು, ಜೋರಾಗಿ.

ನಮ್ಮಲ್ಲೂ ಇದೆ ಆ ಸಣ್ಣ ಬಾಲ: ಬಾರೇ, ತಿನ್ನೇ.
ಬೇಲೇಕೇರಿಯ ಹರಿಕಂತ್ರರ ತಿಮ್ಮಪ್ಪ ನಾನು;
ಮೀನು ಮಾರಿ ಬಂದ ಅವ್ವ
ಬುಟ್ಟಿ ಇಳಿಸುವ ಮೊದಲು ತಂಗಿಗೆ ಅನ್ನುತ್ತಿದ್ದದ್ದು.
ಸಂಜೆ ದಾಳಿಂಬೆ ಬಿಡಿಸುತ್ತ, ಯಾರೂ ಇಲ್ಲವೆಂದು ನೋಡಿ,
ಯಾಕೂತಳಿಗೆ ಹೇಳುತ್ತೇನೆ.
ಒಂದು ಕಣ್ಣಲ್ಲಿ ನನ್ನ ನೋಡುತ್ತಾಳೆ,
ಇನ್ನೊಂದರಲ್ಲಿ ಹಣ್ಣು.

ನಿನ್ನೆ, ಆಟದ ನಡುವೆ ಮೈಕು ಕೈಕೊಟ್ಟಾಗ,
ನಾನೆಂದೂ ಕಾಣದ ಆ ಹೆಂಗಸಿನದೇ ದನಿಯಲ್ಲಿ
ಅಂದಳು: ಬಾರೇ.
ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು
ಎದ್ದು ನಿಂತಳು, ಯಾಕೆಂದು ತಾನೇ ತಿಳಿಯದೆ.

ಆಮೇಲೆ ಟೀಂ, ಟೀಂ, ಟೀಂ.