ತವುಡಿನ ಸ್ನಾನ

ಗಂಗಾವತಿ ಡಿಪೋದಲ್ಲಿ ಎರಡು ದಿನದ ರಜೆ ಬರೆದುಕೊಟ್ಟು
ಬಳ್ಳಾರಿ ಬಸ್ಸಿನಲ್ಲಿ ಕೂತೆವು, ನಾನೂ ಮಾಬುನ್ನಿಯೂ.
ಹದಿನೇಳು ವರ್ಷ ಟಿಕೆಟ್ ಹರಿದ ಕೈಗೆ
ಕಿಟಕಿ ಪಕ್ಕ ಏನು ಮಾಡಬೇಕೋ ತಿಳಿಯದು.
ತೊಡೆಯ ಮೇಲೆ ಬಿದ್ದುಕೊಂಡಿತ್ತು, ಯಾರದೋ ಕೈ ಎಂಬಂತೆ.

ಮನೆಯಲ್ಲಿ ಹೇಳಿದ್ದು: ಹುಡುಗರಿಗೆ ಜೀನ್ಸ್ ಪ್ಯಾಂಟು,
ಬಳ್ಳಾರಿಯಲ್ಲಿ ಸೋವಿ.
ನಿಜ ಮಾಬುನ್ನಿಯ ಮೊಬೈಲಿನಲ್ಲಿತ್ತು.
ಅಲ್ಲಿ ಕುತ್ತಿಗೆತನಕ ಹೂತ ಹೆಂಗಸೊಬ್ಬಳು
ಕಣ್ಣು ಮುಚ್ಚಿ ನಗುತ್ತಿದ್ದಳು.
‘ಸೊಂಟನೋವು ಹೋಗತೈತಂತ ಬೇ. ಅರ್ಧ ತಾಸಿಗೆ
ಸಾವಿರದ ಎರಡುನೂರು. ಇಬ್ಬರು ಹೋದರ
ಎರಡು ಸಾವಿರಕ್ಕ ಬಿಡತಾರ.’

ಹೋಟೆಲಿನ ನಾಲ್ಕನೇ ಮಹಡಿ. ಲಿಫ್ಟಿನೊಳಗೆ ಮಲ್ಲಿಗೆಯ ಸ್ಪ್ರೇ.
ಹುಡುಗಿಯ ಎದೆಯ ಪಟ್ಟಿಯಲ್ಲಿ ‘ತಾನ್ಯಾ’ ಎಂದಿತ್ತು.
ಯಾವೂರವ್ವಾ ಅಂದೆ.
‘ಸಿರುಗುಪ್ಪ ರೀ. ಖರೇ ಹೆಸರು ತಾಯಮ್ಮ’ ಅಂದವಳು
ಬಾಗಿಲ ಕಡೆ ಒಮ್ಮೆ ನೋಡಿ ದನಿ ಬದಲಿಸಿದಳು:
‘ಇದು ಜಪಾನಿನ ವಿಧಾನ. ಬೆಂಕಿ ಇಲ್ಲ, ಕರೆಂಟ್ ಇಲ್ಲ.
ತಂತಾನೇ ಹುಳಿ ಬಂದು ಕಾಯುತ್ತದೆ.’
ಮರದ ಪೆಟ್ಟಿಗೆಯ ಹಲಗೆ ಸರಿಸಿದಳು.

ವಾಸನೆ ಮೊದಲು ಬಂತು.

ತವುಡು.
ಎಮ್ಮೆಯ ಮುಸುರಿ ಬಾನಿಗೆ ಸುರಿಯುವ
ನಮ್ಮ ಕಾರಟಗಿಯ ತವುಡು.

ಅಪ್ಪ ದುರುಗಪ್ಪ ರೈಸ್‌ಮಿಲ್ಲಿನ ಹಮಾಲಿ,
ಚೀಲಕ್ಕೆ ಅರವತ್ತು ಪೈಸೆ.
ಪಾಳಿ ಮುಗಿಸಿ ಬಂದರೆ ರೆಪ್ಪೆಯ ಮೇಲೆ ತವುಡು,
ಕಿವಿಯ ಸುಳಿಯಲ್ಲಿ, ಮೀಸೆಯಲ್ಲಿ, ಬೀಡಿಯ ತುದಿಯಲ್ಲಿ.
ಅವ್ವ ಹೊಸ್ತಿಲು ದಾಟಗೊಡುತ್ತಿರಲಿಲ್ಲ.
ಅಂಗಳದ ಕಲ್ಲಿನ ಮೇಲೆ ಕೂರಿಸಿ
‘ತಿರುಗು, ಈ ಕಡೆ ತಿರುಗು’ ಅನ್ನುತ್ತ
ಎತ್ತು ತೊಳೆದಂತೆ ತೊಳೆಯುವಳು.
ನಾನು ಲಾಟೀನು ಹಿಡಿದು ನಿಲ್ಲಬೇಕು.
ಆಮೇಲೂ ರಾತ್ರಿಯೆಲ್ಲ ಅವನ ಬೆನ್ನಿನ ನವೆಗೆ
ಹೊರಸು ಕಿರುಗುಟ್ಟುತ್ತಿತ್ತು.

‘ಮಲಗ್ರಿ ಅಕ್ಕಾ.’
ಮಲಗಿದೆ. ಸಲಿಕೆಯಲ್ಲಿ ಎಳೆದೆಳೆದು ಹೊದಿಸಿದಳು
ಪಾದ, ಮೊಣಕಾಲು, ಎರಡು ಹೆರಿಗೆಯ ಹೊಟ್ಟೆ, ಎದೆ.
ಬಿಸಿ ಎಂದರೆ ಬಳ್ಳಾರಿಯ ಬಿಸಿಲಲ್ಲ,
ಆಗಷ್ಟೇ ಎದ್ದುಹೋದವರ ಹಾಸಿಗೆಯ ಕಾವು,
ಅದು ಏರುತ್ತಲೇ ಇತ್ತು.
ನನ್ನ ಗುಂಡಿಗೆ ತವುಡನ್ನು ಒಳಗಿಂದ ಬಡಿಯುವುದು ಕೇಳಿತು.

ಪಕ್ಕದ ಪೆಟ್ಟಿಗೆಯಿಂದ ಮಾಬುನ್ನಿ:
‘ಹುಲಿಗೆಮ್ಮಾ, ನಮ್ಮನ್ನ ಕಡೀಕ ಹಿಂಗ ಹುಗೀತಾರಲ್ಲ.’
‘ನಮ್ಮನ್ನೂ ಹುಗಿಯೋದ.’
‘ಇಷ್ಟು ಬೆಚ್ಚಗ ಯಾರು ಹುಗೀತಾರ ಬಿಡು.’
ಇಬ್ಬರೂ ನಕ್ಕರೆ ತವುಡು ಬಿರುಕು ಬಿಟ್ಟಿತು,
ತಾಯಮ್ಮ ಬಂದು ಮತ್ತೆ ಮುಚ್ಚಿದಳು.

ಕಣ್ಣಿಂದ ಇಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ
‘ಬೆವರು ರೀ, ಎಲ್ಲರಿಗೂ ಬರತೈತಿ’ ಅಂದಳು.
‘ಗಣಿಯವರ ಮನಿಯವರು ಬರತಾರ,
ತವುಡು ಅಂದ್ರ ಏನಂತ ಕೇಳತಾರ.’
ಒರೆಸುವ ಕೈಯನ್ನು ಆಗ ಹತ್ತಿರದಿಂದ ಕಂಡೆ.
ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗಂದೆ.

‘ಇದನ್ನ ತಿರುವಿ ಹಾಕೋರು ಯಾರವ್ವಾ?’
‘ನಾನ ರೀ. ಬೆಳಗಿನ ನಾಕಕ್ಕ. ತಿರುವದಿದ್ರ ಸತ್ತು ತಣ್ಣಗಾಗತೈತಿ.’
‘ರಾತ್ರಿ ನವೆ?’
ಉತ್ತರಿಸಲಿಲ್ಲ. ಗೋಡೆಯ ಗಡಿಯಾರ ನೋಡಿದಳು.
ಇನ್ನೂ ಒಂಬತ್ತು ನಿಮಿಷವಿತ್ತು.
ನನಗೆ ಎದ್ದುಬಿಡಬೇಕೆನಿಸಿತು.
ಏಳಲಿಲ್ಲ. ಅಷ್ಟು ಹಿತವಾಗಿತ್ತು.

ಹೊರಡುವಾಗ ಹೇಳಿದೆ:
‘ಇಳಿಯೋಕಿಂತ ಮೊದಲ ಕುಸುಬಿ ಎಣ್ಣಿ ಹಚ್ಚಿಕೋ,
ಕೈಗೆ, ಕಿವಿ ಹಿಂದ. ನಮ್ಮವ್ವ ಹಚ್ಚತಿದ್ದಳು.’
ಹೂಂ ಅಂದಳು. ನೂರು ರೂಪಾಯಿ ಕೊಟ್ಟೆ,
ಕ್ಯಾಮೆರಾಕ್ಕೆ ಬೆನ್ನು ಮಾಡಿ ತೆಗೆದುಕೊಂಡಳು.

ಸಂಜೆ ಮೋತಿ ಸರ್ಕಲ್ಲಿನಲ್ಲಿ ಮಿರ್ಚಿ, ಒಗ್ಗರಣಿ.
ಕೋಟೆಯ ಗುಡ್ಡ ಹಗಲೆಲ್ಲ ನುಂಗಿದ್ದನ್ನು
ನಿಧಾನ ಬಿಡುತ್ತಿತ್ತು.
ಮಾಬುನ್ನಿ ನನ್ನ ಕಿವಿಯ ಸುಳಿಯಿಂದ
ಒಂದು ಹೊಟ್ಟು ಹೆಕ್ಕಿ ಬಿಸಾಡಲು ಹೋದಳು.
ಇರಲಿ ತಾ ಅಂದೆ.

ಮರುದಿನ ಬಸ್ಸು ತುಂಗಭದ್ರೆ ದಾಟಿತು.
ಸೊಂಟನೋವು ಇದ್ದಲ್ಲೇ ಇತ್ತು.
ಪ್ಯಾಂಟು ಮರೆತು ಬಂದಿದ್ದೆವು.