ಒಂಬತ್ತು ಹೆಜ್ಜೆ ಕಡಿಮೆ

ಅಕ್ಟೋಬರ್. ತೊಗಟೆ ಒಣಗಿದೆಯೇ ಎಂದು
ಅಲ್ಸೀಡ್ ಮೊದಲು ಕೆನ್ನೆಯಿಟ್ಟು ನೋಡುತ್ತಾನೆ.
ತೇವವಿದ್ದರೆ ಕೆಲಸವಿಲ್ಲ,
ಫ್ಲಾಸ್ಕಿನ ಚಹಾ ಮುಗಿಸಿ ಮನೆಗೆ.

ಇವತ್ತು ಒಣಗಿದೆ.

ನೋವಾ ಸ್ಕೋಶಿಯಾದ ಈ ತೊರೆಯ ದಂಡೆಗೆ
ಬೆನ್ನಿಗೆ ಡಬ್ಬಿ ಹೊತ್ತು ಬಂದವರು ಐದು ಜನ.
ಹೆಮ್ಲಾಕ್ ಮರಗಳ ಸೂಜಿಯೆಲೆಯ ಅಡಿಗೆ
ಹಿಂಜಿದ ಹತ್ತಿಯಂಥದ್ದು, ಬೆಳ್ಳಗೆ;
ಮುಟ್ಟಿದರೆ ಉಣ್ಣೆ, ಒಳಗೆ ಹೇನಿಗಿಂತ ಚಿಕ್ಕ ಬಾಯಿ.
ಮುನ್ನೂರು ವರ್ಷ ಬಿರುಗಾಳಿಗೆ ಬಗ್ಗದ್ದನ್ನು
ಹತ್ತೇ ವರ್ಷದಲ್ಲಿ ಹೀರಿ ಬೂದಿಬಣ್ಣ ಮಾಡುತ್ತದೆ.

ಟೇಪು ಸುತ್ತುತ್ತೇನೆ, ಎದೆಮಟ್ಟದ ಸುತ್ತಳತೆ ಕೂಗುತ್ತೇನೆ.
ಅಷ್ಟಕ್ಕೆ ಇಷ್ಟು. ಹನಿ ಹೆಚ್ಚಿಲ್ಲ.
ಮದ್ದು ಅನ್ನುವ ಮಾತಿಗೇ ಎರಡು ನಾಲಿಗೆ:
ಒಂದರಲ್ಲಿ ಜೀವ, ಇನ್ನೊಂದರಲ್ಲಿ ಅನ್ನಕ್ಕೆ ಬೆರೆಸಿದ್ದು.
ನಡುವೆ ಇರುವುದು ಅಳತೆಲೋಟದ ಒಂದು ಗೆರೆ.
ಅದನ್ನು ಓದಲು ಅವನು ಮಂಡಿಯೂರುತ್ತಾನೆ,
ಕಣ್ಣು ಗೆರೆಯ ಮಟ್ಟಕ್ಕೆ ಬರುವವರೆಗೆ.

ಹದಿನಾಲ್ಕರಲ್ಲಿ, ನ್ಯೂ ಬ್ರನ್ಸ್‌ವಿಕ್‌ನ ಗುಡ್ಡದ ನೆತ್ತಿಯಲ್ಲಿ,
ಅವನ ಕೆಲಸ ಬಾವುಟ ಬೀಸುವುದು.
ಮೊಗ್ಗುಹುಳಕ್ಕೆಂದು ವಿಮಾನ ಬರುತ್ತಿತ್ತು;
ಇಲ್ಲಿ ಸುರಿ, ಇಲ್ಲಿ ಸುರಿ ಎಂದು ಬೀಸುತ್ತಾ
ಸುರಿದದ್ದರಲ್ಲಿ ತಾನೂ ನೆನೆಯುತ್ತಿದ್ದ.
"ಸಿಹಿ ವಾಸನೆ" ಅನ್ನುತ್ತಾನೆ. "ಸಂಜೆ ಅದೇ ಅಂಗಿಯಲ್ಲಿ ಊಟ."
ಆಮೇಲೆ ಮಾತಿಲ್ಲ. ನಮ್ಮ ಕೈಗವಸುಗಳಿಗೆ
ನೀರು ತುಂಬಿ, ಬೆರಳು ಬೆರಳೂ ಹಿಂಡಿ ನೋಡುತ್ತಾನೆ,
ಎಲ್ಲಾದರೂ ತೂತಿದೆಯೇ ಎಂದು.

ನೀಲಿ ಬಣ್ಣ ಬೆರೆಸಿದ್ದೇವೆ. ಹೊಡೆದ ಮರ ಹೊಡೆದದ್ದೆಂದು ಕಾಣಲಿ,
ಎರಡನೆಯ ಸಲ ಯಾರೂ ಹೊಡೆಯದಿರಲಿ.
ಬುಡದಿಂದ ಎದೆಯವರೆಗೆ, ತೊಗಟೆ ನೆನೆಯುವಷ್ಟು,
ಹರಿದು ನೆಲಕ್ಕಿಳಿಯದಷ್ಟು.
ಗಾಳಿ ಎದ್ದರೆ ನಿಲ್ಲುತ್ತೇವೆ. ಬಿದ್ದರೆ ಮತ್ತೆ.
ಎಪ್ಪತ್ತೊಂದು. ಎಪ್ಪತ್ತೆರಡು.

ಅದರಾಚೆಯದು ನನ್ನದು.
ನನ್ನದೆಂದರೆ, ಬೇಸಿಗೆಯೆಲ್ಲ ಅದರ ಬೇರಿನ ಮೇಲೆ ಕೂತು
ಬ್ರೆಡ್ಡು ತಿಂದಿದ್ದೇನೆ, ಅಷ್ಟೇ.
ಇಬ್ಬರು ತೋಳು ಚಾಚಿದರೂ ತಬ್ಬಲಾಗದ ಬೊಡ್ಡೆ,
ತೊರೆಗೆ ಬಾಗಿ ನೀರಿಗೆ ನೆರಳು ಹಿಡಿದದ್ದು.
ಅಲ್ಸೀಡ್ ನೀರಂಚಿನಿಂದ ಬುಡಕ್ಕೆ ಟೇಪು ಎಳೆದ.
ಮತ್ತೊಮ್ಮೆ ಎಳೆದ, ನನಗಾಗಿ.
ಒಂಬತ್ತು ಹೆಜ್ಜೆ ಕಡಿಮೆ.

"ಯಾರು ನೋಡುತ್ತಾರೆ?" ಅಂದೆ.

ಅವನು ಬಗ್ಗಿ ತೊರೆಯ ಕಲ್ಲೊಂದನ್ನು ಮಗುಚಿದ.
ಅಡಿಯಲ್ಲಿ, ಮರಳ ಕಣ ಪೋಣಿಸಿ ಹೊದ್ದ ಪುಟ್ಟ ಹುಳ
ತಲೆ ಹೊರಗಿಟ್ಟು ಒಳಗೆಳೆದುಕೊಂಡಿತು.
ಕಲ್ಲನ್ನು ಹಾಗೇ ಹಿಂದಕ್ಕಿಟ್ಟ,
ಯಾರೋ ಮಲಗಿರುವ ಕೋಣೆಯ ಬಾಗಿಲು ಮುಚ್ಚುವ ಹಾಗೆ.

ಸಂಜೆ, ಗವಸಿಗೂ ತೋಳಿಗೂ ನಡುವೆ
ನನ್ನ ಮಣಿಕಟ್ಟಿನಲ್ಲೊಂದು ನೀಲಿ ಚುಕ್ಕೆ.
ಬೈಯಲಿಲ್ಲ. ಸೋಪು ಕೊಟ್ಟ. ತೊರೆಯಿಂದ ದೂರ ನಿಲ್ಲಿಸಿ
ತನ್ನ ಕುಡಿಯುವ ನೀರನ್ನೇ ಸುರಿದ, ಮೂರು ಸಲ,
ಬಣ್ಣ ಹೋದಮೇಲೂ ಒಮ್ಮೆ.

ಪುಸ್ತಕದಲ್ಲಿ ಬರೆದ: ಗಾಳಿ ಎಷ್ಟು, ಚಳಿ ಎಷ್ಟು,
ಬೆರೆಸಿದ್ದೆಷ್ಟು, ಉಳಿದದ್ದೆಷ್ಟು.
ಹೊಡೆದ ಮರ ತೊಂಬತ್ತು.
ಪೆನ್ನು ತುಸು ಹೊತ್ತು ನಿಂತಿತು.
ಬಿಟ್ಟದ್ದು: ಒಂದು.
ಅದರ ಪಕ್ಕ, ಖಾನೆಯೇ ಇಲ್ಲದ ಅಂಚಿನಲ್ಲಿ,
ಸಣ್ಣಕ್ಷರದಲ್ಲಿ:
ಯೂಲಾಲಿಯ ಮರ.