ಪೆಟ್ಟಿಗೆ ನಲವತ್ತೊಂದು

ಇಂಗಳದಾಳದ ಷೆಡ್ಡಿನಲ್ಲಿ
ಕಲ್ಲಿಗೆ ನಂಬರು ಬರೆಯುವುದು ನನ್ನ ಕೆಲಸ.
ನೆಲದೊಳಗಿಂದ ಕೊರೆದು ತೆಗೆದ, ಲಟ್ಟಣಿಗೆ ದಪ್ಪದ ತುಂಡುಗಳು
ತಗಡಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿರುತ್ತವೆ.
ಎಷ್ಟು ಆಳ, ಯಾವ ಕಲ್ಲು, ಎಲ್ಲಿ ಮುರಿದಿದೆ.
ಒದ್ದೆ ಕಲ್ಲಿಗೆ ಬಣ್ಣ ಹಿಡಿಯುವುದಿಲ್ಲ,
ಒಣಗಿದ ಕಲ್ಲು ಏನೂ ಹೇಳುವುದಿಲ್ಲ.
ನೋಡುವುದು ಒಂದು ಹೊತ್ತು, ಬರೆಯುವುದು ಇನ್ನೊಂದು ಹೊತ್ತು.

ಕೊರೆಯುವವನು ಪಾಲಯ್ಯ.
ಯಂತ್ರದ ಜೊತೆ ಇಪ್ಪತ್ತು ವರ್ಷ ಬಾಳಿ
ಕಿವಿ ಮುಕ್ಕಾಲು ಹೋಗಿದೆ.
ಅವನಿಗೆ ಏನಾದರೂ ಹೇಳಬೇಕೆಂದರೆ
ಹೆಗಲು ಮುಟ್ಟಿ, ಕೈಯಲ್ಲಿ ಹೇಳಬೇಕು.

ನಲವತ್ತೊಂದನೆಯ ಪೆಟ್ಟಿಗೆಗೆ ನೀರು ಚಿಮುಕಿಸಿದೆ.
ಕಪ್ಪು ಗೆರೆ, ಬೂದು ಗೆರೆ, ಮತ್ತೆ ಕಪ್ಪು,
ಪಟ್ಟೆ ಸೀರೆಯ ಹಾಗೆ ನೆಟ್ಟಗೆ ಬಂದು
ಒಂದು ಗೇಣು ಮಾತ್ರ ಕಲಸಿಹೋಗಿದೆ.
ಗೆರೆ ಮಡಿಚಿಕೊಂಡು, ಸುರುಳಿ ಸುತ್ತಿ,
ಕಪ್ಪು ಕೆಸರಿನ ನಾಲಗೆಗಳು ಮರಳೊಳಗೆ ಎದ್ದು.
ಅದರ ಮೇಲೆ ಮತ್ತೆ ನೆಟ್ಟಗೆ,
ಏನೂ ಆಗದವರ ಹಾಗೆ.

'ಕಲ್ಲಿಗೂ ಹೊಟ್ಟೆ ತೊಳಸ್ತೈತಾ ತಂಗಿ?' ಅಂದ.
ಭೂಕಂಪ, ಅಂದೆ. ಕೇಳಿಸಲಿಲ್ಲ.
ಎರಡೂ ಅಂಗೈ ಚಾಚಿ ನಡುಗಿಸಿದೆ.

ದುರ್ಗದ ಬಂಡೆ ನೋಡಿ ಬೆಳೆದವರಿಗೆ
ಇಲ್ಲಿ ಕಡಲಿತ್ತು ಅಂದರೆ ನಗು.
ಇನ್ನೂರ ಅರವತ್ತು ಕೋಟಿ ವರ್ಷದ ಹಿಂದೆ,
ಮೀನಿಲ್ಲದ್ದು, ಶಂಖವಿಲ್ಲದ್ದು,
ಹೆಸರಿಡಲು ಯಾರೂ ಇಲ್ಲದ್ದು.
ಅದರ ತಳದ ಇಳಿಜಾರಿನಲ್ಲಿ ಕೆಸರು ಕೂರುತ್ತಿತ್ತು
ಅಂಬಲಿಯ ಹಿಟ್ಟು ತಳ ಹಿಡಿಯುವ ಹಾಗೆ.

ಮರಳಿಗೆ ಮರಳೇ ಆಸರೆ.
ಕಾಳು ಕಾಳಿಗೆ ಹೆಗಲು ಕೊಟ್ಟು ನಿಂತಿರುತ್ತದೆ,
ಸಂದಿಯ ನೀರು ಬಾಡಿಗೆಯವನ ಹಾಗೆ
ಯಾವ ಭಾರಕ್ಕೂ ಸೇರದೆ ಇರುತ್ತದೆ.
ನೆಲ ಅಲುಗಿತು. ಕಾಳುಗಳು ಒತ್ತಾಗಿ ಕೂರಲು ಹೋದವು,
ಸಂದಿ ಕಿರಿದಾಯಿತು, ನೀರಿಗೆ ಬಾಗಿಲಿಲ್ಲ.
ಅಷ್ಟೂ ಭಾರ ನೀರಿನ ತಲೆಗೆ ಬಂತು.
ಆ ಗಳಿಗೆ
ಇಳಿಜಾರು ಇಳಿಜಾರಾಗಿರಲಿಲ್ಲ, ಗಂಜಿಯಾಗಿತ್ತು.

ಚಿಕ್ಕವಳಿದ್ದಾಗ ವೇದಾವತಿಯ ಹಸಿ ಮರಳಲ್ಲಿ
ಒಂದೇ ಕಡೆ ಕಾಲು ಕುಣಿಸಿ ಕುಣಿಸಿ
ಹಿಮ್ಮಡಿ ಹೂತುಹೋಗುವ ತನಕ ಆಡಿದ್ದೇನೆ.
ಆಗಲೇ ಗೊತ್ತಿತ್ತು ನನಗೆ.

ಪಾಲಯ್ಯ ಕಣ್ಣಿಗೆ ಕಾಣದ್ದನ್ನು ನಂಬುವವನಲ್ಲ.
ಕೊರೆದ ರಾಡಿಯ ಬಕೆಟ್ಟು ಎಳೆದುಕೊಂಡು
ಮೇಲೆ ಒಂದು ಬೋಲ್ಟು ನೆಟ್ಟಗೆ ನಿಲ್ಲಿಸಿ
ಸ್ಪ್ಯಾನರಿನಿಂದ ಬದಿಗೆ ತಟ್ಟಿದ.
ಟಣ್. ಟಣ್. ಆ ಸದ್ದೂ ಅವನಿಗಲ್ಲ, ನನಗೆ ಮಾತ್ರ.
ಬೋಲ್ಟು ತಲೆಯವರೆಗೆ ಇಳಿದು, ತಲೆಯೂ ಇಳಿದು, ಮಾಯ.
ಅವನ ಮುಖ ನೋಡಬೇಕಿತ್ತು.

ಎರಡು ಬೆರಳು ನೀರು ತಿಳಿಯಾಗಿ ಮೇಲೆ ನಿಂತಿತು.
ಅದನ್ನು ಚೆಲ್ಲಿ, ಇನ್ನೊಂದು ಬೋಲ್ಟು ಇಟ್ಟು
ತಟ್ಟಿದ, ತಟ್ಟಿದ.
ಸ್ವಲ್ಪ ವಾಲಿತು. ಮುಳುಗಲಿಲ್ಲ.
'ನೀರು ಹೊಂಟೋತು ಕಣವ್ವ,' ಅಂದ,
'ಈಗ ನಿಲ್ತೈತೆ.'

ಸರಿಯೇ. ಸಣ್ಣ ಸಣ್ಣ ನಡುಕ ತಿಂದು ತಿಂದು
ಗಟ್ಟಿಯಾದ ಇಳಿಜಾರುಗಳು ಕಡಲಡಿ ಎಷ್ಟೋ ಇವೆಯಂತೆ.
ಆದರೆ ಇನ್ನೊಂದು ಥರವೂ ಉಂಟು:
ನಡುಗುವಾಗ ನಿಂತದ್ದು,
ಎಲ್ಲ ತಣ್ಣಗಾಗಿ ಒಂದು ಜಾವ ಕಳೆದ ಮೇಲೆ
ತೆಳು ಜೇಡಿಯ ಪದರದಡಿ ನೀರು ತೆವಳಿ ಬಂದು ಸೇರಿ
ಸದ್ದಿಲ್ಲದೆ ಮೈಲಿಗಟ್ಟಲೆ ಜಾರುವುದು.

ಇದನ್ನೂ ಅವನಿಗೆ ಹೇಳಬೇಕೆಂದು ಹೆಗಲು ಮುಟ್ಟಿದೆ.
ತಿರುಗಿದ.
ನಡುಕಕ್ಕೆ ಕೈಯಿತ್ತು,
ತಡವಾಗಿ ಬರುವುದಕ್ಕೆ ಯಾವ ಸನ್ನೆ?
ಏನಿಲ್ಲ ಅಂತ ತಲೆಯಾಡಿಸಿದೆ.

ಅಷ್ಟರಲ್ಲಿ ಕಲ್ಲು ಒಣಗಿತ್ತು.
ಗೆರೆಯೂ ಇಲ್ಲ, ಸುರುಳಿಯೂ ಇಲ್ಲ, ಬರೀ ಬೂದಿ ಬಣ್ಣ.
ಬರೆದೆ: ಇನ್ನೂರ ಹದಿನಾಲ್ಕನೆಯ ಮೀಟರು,
ಒಂದು ಗೇಣು, ಕಲಕಿದ್ದು.
ಬಕೆಟ್ಟಿನ ತಳದ ಬೋಲ್ಟು
ನಾಳೆ ತೆಗೆದರಾಯಿತು.